ಮೈಸೂರಿನ ಇಡಿಯಮ್ಸ್ ಬ್ಯಾಚ್ ರಿವ್ಯೂ: ಸರ್ ಮಾತಿಗೆ ಫುಲ್ ಮಾರ್ಕ್ಸ್, ನೋಟ್ಸಿಗೆ ಸೊನ್ನೆ

ಸರಸ್ವತಿಪುರಂ ಕಡೆ ಒಂದು ಮೆಡಿಕಲ್ ಸ್ಟೋರ್ ಮೇಲ್ಗಡೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಇದೆ, ಅಲ್ಲಿ ಇಡಿಯಮ್ಸಿಗೆ, ಅಂದ್ರೆ ನುಡಿಗಟ್ಟುಗಳಿಗೆ ಅಂತಾನೇ ಶನಿವಾರ ಭಾನುವಾರ ಬೇರೆ ಬ್ಯಾಚ್ ಮಾಡ್ತಾರೆ, ಅದಕ್ಕೆ ಸೇರಿ ಮುಗಿಸ್ಕೊಂಡು ಬಂದಿದೀನಿ. ಆಫೀಸಲ್ಲೂ ಊರಲ್ಲೂ ಹೆಂಗಿತ್ತು ಹೆಂಗಿತ್ತು ಅಂತ ಕೇಳೋರು ಜಾಸ್ತಿ ಆದ್ರು, ಒಬ್ಬೊಬ್ರಿಗೂ ವಾಯ್ಸ್ ನೋಟ್ ಕಳಿಸ್ತಾ ಕೂರೋಕಾಗಲ್ಲ, ಇಲ್ಲೇ ಬರ್ದಾಕ್ತೀನಿ. ಕ್ಲಾಸಿನ ಹೆಸರು ಮಾತ್ರ ಹಾಕ್ತಿಲ್ಲ, ಯಾಕಂದ್ರೆ ಹೊಗಳೋದು ಎಷ್ಟಿದ್ಯೋ ಬೈಯೋದೂ ಹೆಚ್ಚುಕಮ್ಮಿ ಅಷ್ಟೇ ಇದೆ, ಸಣ್ಣ ಕ್ಲಾಸು, ಒಬ್ರೇ ಮೇಷ್ಟ್ರು, ಅವರ ಹೊಟ್ಟೆ ಮೇಲೆ ಹೊಡೆಯೋ ಆಸೆ ನಂಗಿಲ್ಲ.

ಫೀಸು 2500. ಎರಡು ಕಂತಲ್ಲಿ ಕೊಡ್ಬೋದು, ಕೇಳಿದ್ರೆ ಇನ್ನೊಂದು ವಾರ ಟೈಮೂ ಕೊಡ್ತಾರೆ. ರೂಮು ಚಿಕ್ಕದು, ಪ್ಲಾಸ್ಟಿಕ್ ಚೇರು, ಒಂದೇ ಫ್ಯಾನು, ಅದರ ಕೆಳಗಿನ ಸೀಟಿಗೆ ಪೈಪೋಟಿ. ಬರೋರಲ್ಲಿ ಮುಕ್ಕಾಲು ಪಾಲು ಬ್ಯಾಂಕು, ಎಸ್ಸೆಸ್ಸಿ ಅಂತ ಎಕ್ಸಾಮ್ ಕಟ್ಟಿರೋ ಹುಡುಗ್ರು ಹುಡುಗೀರು, ಮಂಡ್ಯ ಪಾಂಡವಪುರದಿಂದ ಟ್ರೇನಲ್ಲಿ ಬಂದು ಹೋಗೋರು. ಆಮೇಲೆ ನನ್ನ ತರ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ವಿದೇಶದ ಕ್ಲೈಂಟ್ ಕಾಲ್ ಅಟೆಂಡ್ ಮಾಡೋರು ಒಂದ್ ನಾಕು ಜನ. ಇವೆರಡೂ ಅಲ್ದೆ ಒಬ್ರು ರಿಟೈರ್ಡ್ ಟೀಚರ್, ನಾವೆಲ್ಲ ಮೇಡಂ ಮೇಡಂ ಅಂತಿದ್ವಿ, ಮಗಳು ಅಳಿಯ ಅಮೆರಿಕದಲ್ಲಿದ್ದಾರೆ, ಮೊಮ್ಮಗ ವಿಡಿಯೋ ಕಾಲಲ್ಲಿ ಮಾತಾಡೋದು ಅರ್ಧ ಅರ್ಥ ಆಗಲ್ಲ ಅಂತ ಬಂದು ಸೇರ್ಕೊಂಡಿದ್ರು. ಇಡೀ ಬ್ಯಾಚಲ್ಲಿ ಬುದ್ಧಿವಂತ ಪ್ರಶ್ನೆ ಕೇಳಿದ್ದು ಅಂದ್ರೆ ಅವರೊಬ್ರೇ.

ಮೊದ್ಲು ನೋಟ್ಸಿನ ಕಥೆ ಮುಗಿಸಿಬಿಡ್ತೀನಿ, ಸಿಟ್ಟಿರೋದು ಅಲ್ಲೇ. ಸೇರಿದ ದಿನ ಸ್ಪೈರಲ್ ಬೈಂಡ್ ಮಾಡಿದ ಒಂದು ದಪ್ಪ ಕಂತೆ ಕೊಡ್ತಾರೆ, ಎಡಗಡೆ ಇಂಗ್ಲಿಷು ಬಲಗಡೆ ಕನ್ನಡ. ನೋಡಿದ ತಕ್ಷಣ ಕೊಟ್ಟ ದುಡ್ಡು ವಸೂಲಾಯ್ತು ಅನ್ಸುತ್ತೆ, ಓದೋಕೆ ಕೂತಾಗ ಗೊತ್ತಾಗೋದು ಇದ್ಯಾವುದೋ ಜೆರಾಕ್ಸಿನ ಜೆರಾಕ್ಸು, ಕೆಲವು ಪುಟದಲ್ಲಿ ಬಲಗಡೆ ಅಕ್ಷರಾನೇ ತಿಂದು ಹಾಕಿದೆ. ಅಕ್ಷರ ಹೋದ್ರೆ ಹೋಗ್ಲಿ ಬಿಡಿ, ಅರ್ಥಾನೇ ತಪ್ಪು ಕೊಟ್ಟಿರೋದು ಎಷ್ಟಿದೆ ಗೊತ್ತಾ. ವೈಟ್ ಎಲಿಫೆಂಟ್ ಎದುರುಗಡೆ 'ಅಪರೂಪದ ವಸ್ತು' ಅಂತ ಹಾಕವ್ರೆ. ಅಲ್ಲ ಸ್ವಾಮಿ, ನಷ್ಟದಲ್ಲಿರೋ ನಿಗಮಗಳಿಗೆ ನಮ್ಮ ಕನ್ನಡ ಪೇಪರ್ನೋರೇ ಬಿಳಿಯಾನೆ ಅಂತ ಹೆಡ್ಡಿಂಗ್ ಕೊಡ್ತಾರೆ, ಸಾಕೋಕೆ ಸಿಕ್ಕಾಪಟ್ಟೆ ಖರ್ಚು, ಉಪಯೋಗ ಮೂರು ಕಾಸಿಂದಿಲ್ಲ, ಬಿಟ್ಟು ಕಳಿಸೋಕೂ ಆಗಲ್ಲ ಅಂಥದ್ದು. ಸಯಾಮಿನ, ಅಂದ್ರೆ ಈಗಿನ ಥಾಯ್ಲೆಂಡಿನ ರಾಜರು ತಮಗಾಗದೋರಿಗೆ ಬಿಳಿ ಆನೆ ಗಿಫ್ಟ್ ಕೊಟ್ಟು, ಅದನ್ನ ಸಾಕೀ ಸಾಕೀ ಅವರು ಮುಳುಗಿ ಹೋಗ್ಲಿ ಅಂತ ಬಿಡ್ತಿದ್ರು ಅನ್ನೋ ಕಥೆ ಇದರ ಹಿಂದೆ ಇದೆ. ಎಕ್ಸಾಮಲ್ಲಿ ಇದೇ ಬಂದು ನಾಕು ಆಪ್ಷನ್ನಲ್ಲಿ ಅಪರೂಪದ ವಸ್ತು ಅನ್ನೋದೂ ಒಂದಿದ್ರೆ ಹುಡುಗ್ರು ಅದಕ್ಕೇ ಟಿಕ್ ಹಾಕ್ತಾರೆ, ಮೈನಸ್ ಮಾರ್ಕ್ಸು ಸರ್ ಕಟ್ಕೊಡ್ತಾರಾ?

ಇನ್ನು ಕೆಲವಕ್ಕೆ ಪದಕ್ಕೆ ಪದ ಇಟ್ಟು ಕೈ ತೊಳ್ಕೊಂಡಿದ್ದಾರೆ. ಕೋಲ್ಡ್ ಫೀಟ್ ಅಂದ್ರೆ 'ಕಾಲು ತಣ್ಣಗಾಗುವುದು'. ಎಲ್ಲಾ ರೆಡಿ ಮಾಡ್ಕೊಂಡು ಇನ್ನೇನು ಕೆಲಸ ಆಗ್ಬೇಕು ಅನ್ನೋ ಹೊತ್ತಿಗೆ ಧೈರ್ಯ ಉಡುಗಿ ಹಿಂದೆ ಸರಿಯೋದು ಅಂತ ಒಂದು ಸಾಲು ಬರೆಯೋಕೆ ಏನ್ ಕಷ್ಟ? ಎರಡನೇ ವಾರ ಹೋಗಿ ಸರ್ ಗೆ ಪೆನ್ಸಿಲಲ್ಲಿ ಗುರುತು ಹಾಕಿದ್ದು ತೋರಿಸ್ದೆ, "ಹೌದಲ್ಲಪ್ಪಾ, ನೆಕ್ಸ್ಟ್ ಬ್ಯಾಚಿಗೆ ಸರಿ ಮಾಡ್ಸೋಣ" ಅಂದ್ರು. ಹಿಂದಿನ ಬ್ಯಾಚಲ್ಲಿ ಇದ್ದ ನಮ್ಮ ಆಫೀಸ್ ಹುಡುಗಿಗೂ ಇದೇ ಡೈಲಾಗ್ ಹೇಳಿದ್ರಂತೆ. ರೆಕಾರ್ಡೆಡ್ ವಿಡಿಯೋ ಆ್ಯಪಲ್ಲಿ ಹಾಕ್ತೀವಿ ಅಂದಿದ್ರಲ್ಲ, ಅದೂ ಇನ್ನೂ ಬರ್ತಾನೇ ಇದೆ.

ಸರಿ ಬೈದಿದ್ದಾಯ್ತು. ಈಗ ಸರ್ ಬಾಯಿ ಬಿಟ್ಟಾಗ ಏನಾಗುತ್ತೆ ಕೇಳಿ.

ನಮ್ಮ ಕಾಲ್ ಸೆಂಟರ್ ಗ್ಯಾಂಗು ಸೇರಿ ಒಂದಿನ ಕೇಳಿದ್ವಿ, ಸರ್ ಈ ನೋಟ್ಸಲ್ಲಿರೋ, ಜೋರು ಮಳೆಗೆ ಹೇಳೋ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್ ಎಲ್ಲಾ ನಮ್ಮ ಕಾಲಲ್ಲಿ ಒಬ್ರು ಬಾಯಲ್ಲೂ ಬರಲ್ಲ, ಅಮೆರಿಕದೋರು ಟಚ್ ಬೇಸ್ ಅಂತಾರೆ, ಬಾಲ್‌ಪಾರ್ಕ್ ಫಿಗರ್ ಕೊಡಿ ಅಂತಾರೆ, ರೇನ್ ಚೆಕ್ ತಗೋತೀನಿ ಅಂತಾರೆ, ಕರ್ವ್‌ಬಾಲ್ ಬಂತು ಅಂತಾರೆ, ನಾವು ಯಸ್ ಸರ್ ಯಸ್ ಸರ್ ಅಂತ ಮ್ಯೂಟ್ ಹಾಕ್ಕೊಂಡು ಒಬ್ರ ಮುಖ ಒಬ್ರು ನೋಡ್ತೀವಿ, ಅದನ್ನ ಹೇಳ್ಕೊಡಿ ಅಂತ. ಸರ್ ಒಂದ್ನಿಮಿಷ ಸುಮ್ನಿದ್ರು, ಆಮೇಲೆ ನೋಟ್ಸ್ ಮುಚ್ಚಿಟ್ಟು ಮಾರ್ಕರ್ ತಗೊಂಡು ಬೋರ್ಡ್ ಮೇಲೆ ಚೌಕಟ್ಟನ್ನ ಓರೆಯಾಗಿ ನಿಲ್ಲಿಸಿದಂಗೆ ಒಂದು ಚಿತ್ರ ಬರೆದ್ರು, ನಾಕು ಮೂಲೆಗೆ ನಾಕು ಚುಕ್ಕಿ. ಮಾರ್ಕರ್ ಒಣಗಿತ್ತು, ಮೂರನೇ ಮೂಲೆಗೆ ಬರೋ ಹೊತ್ತಿಗೆ ಗೆರೆ ಕಾಣಿಸ್ತಾನೇ ಇಲ್ಲ, ಬೆರಳಲ್ಲೇ ತೋರಿಸ್ಕೊಂಡು ಹೋದ್ರು. ಇದು ಬೇಸ್‌ಬಾಲ್ ಆಡೋ ಜಾಗ, ಚೆಂಡು ಹೊಡೆದೋನು ಇಲ್ಲಿಂದ ಓಡ್ಬೇಕು, ಒಂದೊಂದು ಬೇಸನ್ನೂ ಮುಟ್ಕೊಂಡೇ ಹೋಗ್ಬೇಕು, ಮುಟ್ದೆ ಹೋದ್ರೆ ಔಟ್ ಮಾಡ್ಬೋದು, ಅದಕ್ಕೇ ಟಚ್ ಬೇಸ್ ಅಂದ್ರೆ ಸುಮ್ನೆ ಒಂದ್ಸಲ ಸಂಪರ್ಕ ಮಾಡಿ ಮಾತಾಡ್ಸಿ ಹೋಗೋದು ಅಂತ. ಹಿಂದಿನ ಬೆಂಚಿಂದ ಕೆ.ಆರ್. ಪೇಟೆ ಹುಡುಗ ಒಬ್ಬ "ಸರ್ ಲಗೋರಿ ತರಾನಾ?" ಅಂದ. ಸರ್ ನಗಾಡ್ಕೊಂಡು ಲಗೋರಿ ಅಲ್ಲ ಕಣೋ ಅಂತ ಹೇಳಿ, ಪಿಚರ್, ಅಂದ್ರೆ ಚೆಂಡು ಎಸೆಯೋನು, ಚೆಂಡನ್ನ ತಿರುಗಿಸಿ ಎಸೆಯೋದು, ಅದು ಕೊನೇ ಗಳಿಗೇಲಿ ದಾರಿ ಬದಲಾಯಿಸೋದು, ಹಂಗಾಗಿ ನಿರೀಕ್ಷೆ ಮಾಡದೆ ಬಂದು ವಕ್ಕರಿಸೋ ಸಮಸ್ಯೆಗೆ ಕರ್ವ್‌ಬಾಲ್ ಅನ್ನೋದು ಅಂತ ತಾವೇ ಡಸ್ಟರ್ ಎಸೆದು ತೋರಿಸಿದ್ರು.

ರೇನ್ ಚೆಕ್ ವಿಷಯ ನಂಗೆ ಬಹಳ ಇಷ್ಟ ಆಯ್ತು. ಬೇಸ್‌ಬಾಲ್ ಮ್ಯಾಚು ಮಳೆಗೆ ನಿಂತೋದ್ರೆ ಟಿಕೆಟ್ ತಗೊಂಡೋರಿಗೆ ಇನ್ನೊಂದಿನ ಬಂದು ನೋಡೋಕೆ ಒಂದು ಚೀಟಿ ಕೊಡ್ತಿದ್ರು, 1880ರ ದಶಕದಿಂದಲೇ ಅಲ್ಲಿ ಈ ಪದ್ಧತಿ ಇದೆ. ಅದರಿಂದ ಬಂದಿದ್ದು, ಈಗ ಆಗಲ್ಲ ಇನ್ನೊಂದ್ಸಲ ಖಂಡಿತ ಬರ್ತೀನಿ ಅನ್ನೋದನ್ನ ಬೇಜಾರಾಗದಂಗೆ ಹೇಳೋ ಮಾತು. ನಮ್ಮ ಟೀಮಲ್ಲಿ ಒಬ್ಬ, ಅಮೆರಿಕದೋನು ರೇನ್ ಚೆಕ್ ಅಂದಿದ್ದಕ್ಕೆ ಅಲ್ಲಿ ಮಳೆ ಬರ್ತಿದೆ ಅಂದ್ಕೊಂಡು ವೆದರ್ ಬಗ್ಗೆ ಮಾತು ಶುರು ಮಾಡಿದ್ದ ಪಾಪ. ಬಾಲ್‌ಪಾರ್ಕ್ ಅಂದ್ರೆ ಆ ಮೈದಾನಾನೇ, ಲೆಕ್ಕ ಅಷ್ಟರೊಳಗೆ ಬಂದ್ರೆ ಸಾಕು, ಪೈಸೆ ಪೈಸೆ ಬೇಡ, ನಾವು ಅಂದಾಜು ಹೇಳಿ ಅಂತೀವಲ್ಲ ಅಷ್ಟೇ.

ಅದೇ ಇಂಗ್ಲೆಂಡ್ ಕಡೆಯೋರ ಮಾತಿಗೆ ಬಂದಾಗ ಕ್ಲಾಸಲ್ಲಿ ಹೇಳ್ಕೊಡೋ ಅವಶ್ಯಕತೇನೇ ಬರ್ಲಿಲ್ಲ ನೋಡಿ. ಆನ್ ದ ಬ್ಯಾಕ್ ಫುಟ್, ಸ್ಟಿಕಿ ವಿಕೆಟ್, ಹಿಟ್ ಫಾರ್ ಸಿಕ್ಸ್... ಎಲ್ಲಾ ಕ್ರಿಕೆಟ್ಟಿಂದ ಬಂದಿರೋದು, ಗಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗ್ರಿಗೆ ಅರ್ಥ ಬಾಯಿಗೆ ಬಂದುಬಿಟ್ಟಿತ್ತು. ಸ್ಟಿಕಿ ವಿಕೆಟ್ ಒಂದು ಮಾತ್ರ ಬಿಡಿಸಿ ಹೇಳ್ಬೇಕಾಯ್ತು, ಮೊದಲೆಲ್ಲ ಪಿಚ್ಚಿಗೆ ಟಾರ್ಪಾಲ್ ಮುಚ್ಚದೆ ಇದ್ದಾಗ ಮಳೆ ಬಿದ್ದು ಬಿಸಿಲಿಗೆ ಒಣಗೋ ಹೊತ್ತಲ್ಲಿ ಚೆಂಡು ಹೆಂಗೆಂಗೋ ಏಳ್ತಿತ್ತು, ಬ್ಯಾಟ್ಸ್‌ಮನ್ ಕಥೆ ಮುಗೀತು, ಹಂಗಾಗಿ ಇಕ್ಕಟ್ಟಿನ ಪರಿಸ್ಥಿತಿಗೆ ಆ ಹೆಸರು. ಆದ್ರೆ ಹಿಟ್ ಫಾರ್ ಸಿಕ್ಸ್ ಕಡೆ ಹುಷಾರಾಗಿರಿ, ನಮ್ಮ ಹುಡುಗ್ರೆಲ್ಲಾ ಸಿಕ್ಸ್ ಹೊಡೆದೋನ ಕಡೆಯಿಂದ ಯೋಚ್ನೆ ಮಾಡಿ ಖುಷಿ ಸುದ್ದಿ ಅಂದ್ರು, ಅಲ್ಲಿ ಅದು ಹೊಡೆಸ್ಕೊಂಡೋನ ಪಾಡು, ದೊಡ್ಡ ಪೆಟ್ಟು ಬಿತ್ತು ಅಂತ.

ಇಂಥ ಎರಡು ದೇಶದ ವ್ಯತ್ಯಾಸ ನೋಟ್ಸಲ್ಲಿ ಒಂದಕ್ಷರ ಇಲ್ಲ, ಕಾಲ್ ತಗೊಳೋರಿಗೆ ಬೇಕಾಗಿರೋದೇ ಅದು. ಮೀಟಿಂಗಲ್ಲಿ ಒಂದು ವಿಷಯಾನ ಟೇಬಲ್ ಮಾಡೋಣ ಅಂದ್ರೆ ಬ್ರಿಟನ್ನಲ್ಲಿ ಈಗಲೇ ಚರ್ಚೆಗೆ ತಗೊಳೋಣ ಅಂತ, ಅಮೆರಿಕದಲ್ಲಿ ಸದ್ಯಕ್ಕೆ ಪಕ್ಕಕ್ಕಿಡೋಣ ಅಂತ, ಪೂರ್ತಿ ಉಲ್ಟಾ. ಎರಡೂ ಕಡೆಯೋರು ಒಂದೇ ಕಾಲಲ್ಲಿದ್ರೆ ಮಿನಿಟ್ಸ್ ಬರೆಯೋನ ಗತಿ ಏನು ಹೇಳಿ.

ಕಥೆ ಹೇಳೋದ್ರಲ್ಲಿ ಸರ್ ನ ಮೀರ್ಸೋರಿಲ್ಲ. ಟರ್ನ್ ಎ ಬ್ಲೈಂಡ್ ಐ ಹೇಳ್ಕೊಡುವಾಗ, ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತಿದ್ದು 1799 ಅಲ್ವಾ, ಅದಾಗಿ ಎರಡೇ ವರ್ಷಕ್ಕೆ ನಡೆದಿದ್ದು ಇದು ಅಂತ ಶುರು ಮಾಡಿದ್ರು. 1801ರ ಕೋಪನ್‌ಹೇಗನ್ ನೌಕಾಯುದ್ಧ, ಬ್ರಿಟಿಷ್ ನೌಕಾಪಡೆಯ ನೆಲ್ಸನ್‌ಗೆ ಬಲಗಣ್ಣಿನ ದೃಷ್ಟಿ ಮೊದ್ಲೇ ಹೋಗಿತ್ತು, ಮೇಲಧಿಕಾರಿ ಹೈಡ್ ಪಾರ್ಕರ್ ಯುದ್ಧ ನಿಲ್ಲಿಸು ಅಂತ ಬಾವುಟದ ಸಿಗ್ನಲ್ ಕೊಟ್ರೆ, ಇವನು ದುರ್ಬೀನನ್ನ ಆ ಕಾಣದೇ ಇರೋ ಕಣ್ಣಿಗೆ ಇಟ್ಕೊಂಡು, ನಂಗೆ ಯಾವ ಸಿಗ್ನಲ್ಲೂ ಕಾಣಿಸ್ತಿಲ್ಲಪ್ಪಾ ಅಂದನಂತೆ, ಯುದ್ಧ ಗೆದ್ದೂಬಿಟ್ಟ. ಕಂಡ್ರೂ ಕಾಣದಂಗಿರೋದು. ನಮ್ಮಲ್ಲೂ ಜಾಣ ಕುರುಡು ಅಂತಾರೆ, ಹೊಸದೇನಲ್ಲ, ಆದ್ರೆ ಆ ಕಥೆ ಕೇಳಿದ್ಮೇಲೆ ಮರೆಯೋಕಾಗಲ್ಲ.

ಸ್ಟೀಲ್ ಸಮ್‌ವನ್ಸ್ ಥಂಡರ್ ಇನ್ನೂ ಮಜಾ. 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ಥಿಯೇಟರಲ್ಲಿ ಜಾನ್ ಡೆನಿಸ್ ಅನ್ನೋನು ತನ್ನ ನಾಟಕಕ್ಕೆ ಗುಡುಗಿನ ಸದ್ದು ಮಾಡೋಕೆ ಹೊಸ ವಿದ್ಯೆ ಕಂಡುಹಿಡಿದ. ನಾಟಕ ಮಕಾಡೆ ಮಲಗ್ತು, ಗುಡುಗು ಚೆನ್ನಾಗಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಅದೇ ಥಿಯೇಟರಲ್ಲಿ ಮ್ಯಾಕ್‌ಬೆತ್ ನೋಡೋಕೆ ಹೋಗಿ ಕೂತಿದಾನೆ, ಕೇಳಿಸ್ತು ನೋಡಿ ತನ್ನದೇ ಗುಡುಗು! ಎದ್ದು ನಿಂತು ನನ್ನ ನಾಟಕ ಆಡ್ಸಲ್ಲ, ನನ್ನ ಗುಡುಗು ಮಾತ್ರ ಬೇಕು ಇವರಿಗೆ ಅಂತ ಕೂಗಾಡಿದ್ನಂತೆ. ಬೇರೆಯವ್ರಿಗೆ ಸಲ್ಲಬೇಕಾದ ಹೆಸರು, ಚಪ್ಪಾಳೆ ನಾವು ಹೊಡ್ಕೊಳೋದು ಅಂತ ಅರ್ಥ. ಇದನ್ನ ಕೇಳಿ ಮದ್ದೂರು ಕಡೆ ಹುಡುಗ ಒಬ್ಬ, ನಮ್ಮೂರ ಕುರುಕ್ಷೇತ್ರ ನಾಟಕದಲ್ಲಿ ತಗಡು ಅಲ್ಲಾಡ್ಸಿ ಗುಡುಗು ಬರ್ಸೋದು ನಮ್ಮ ಚಿಕ್ಕಪ್ಪ, ಪಕ್ಕದೂರೋರು ಆ ತಗಡನ್ನೇ ಕದ್ದೊಯ್ದಿದ್ರು ಅಂದ. ಕ್ಲಾಸಲ್ಲಿ ಹತ್ತು ನಿಮಿಷ ನಗು ನಿಲ್ಲಲಿಲ್ಲ.

ಆದ್ರೆ ಒಂದು ಎಚ್ಚರಿಕೆ. ಸರ್ ಹೇಳೋ ಕಥೆ ಎಲ್ಲಾನೂ ನಿಜ ಅಂದ್ಕೋಬೇಡಿ, ಒಂದಷ್ಟು ವಾಟ್ಸಾಪ್ ಮಾಲು. ಕ್ಯಾಟ್ಸ್ ಅಂಡ್ ಡಾಗ್ಸಿಗೆ, ಹಿಂದಿನ ಕಾಲದಲ್ಲಿ ಹುಲ್ಲಿನ ಚಾವಣಿ ಮೇಲೆ ನಾಯಿ ಬೆಕ್ಕು ಮಲಗ್ತಿದ್ವು ಮಳೆ ಬಂದಾಗ ಜಾರಿ ಬೀಳ್ತಿದ್ವು ಅಂದ್ರು. ಅಲ್ಲ, ಬೆಕ್ಕು ಹತ್ತುತ್ತೆ ಒಪ್ಪೋಣ, ನಾಯಿ ಮನೆ ಚಾವಣಿ ಹತ್ತಿ ಮಲಗೋದನ್ನ ಯಾರು ನೋಡಿದಾರೆ? ಇದು 1999ರಲ್ಲಿ ಇಮೇಲಲ್ಲಿ ಓಡಾಡಿದ ಫಾರ್ವರ್ಡು, ಹದಿನಾರನೇ ಶತಮಾನದ ಜೀವನ ಹಿಂಗಿತ್ತು ಅಂತ ಯಾರೋ ತಮಾಷೆಗೆ ಕಟ್ಟಿ ಬಿಟ್ಟಿದ್ದು. ಜೊನಾಥನ್ ಸ್ವಿಫ್ಟ್ 1738ರ ಬರಹದಲ್ಲಿ ಆ ಮಾತನ್ನ ಬಳಸಿದಾನೆ ಅನ್ನೋವರೆಗೆ ಪಕ್ಕಾ, ಮೂಲ ಮಾತ್ರ ವಿದ್ವಾಂಸರಿಗೇ ಬಗೆಹರಿದಿಲ್ಲ. ಸೇವ್ಡ್ ಬೈ ದ ಬೆಲ್ಲಿಗೂ ಹಂಗೇ, ಜೀವಂತ ಇರೋರನ್ನ ಹೂತು ಶವಪೆಟ್ಟಿಗೆಗೆ ಗಂಟೆ ದಾರ ಕಟ್ತಿದ್ರು ಅಂತ ಭಯಾನಕ ಕಥೆ ಹೇಳಿದ್ರು, ಹುಡುಗೀರು ಹೆದ್ರಿಕೊಂಡ್ರು. ಅದು ಬರೀ ಬಾಕ್ಸಿಂಗು. ಬಿದ್ದೋನಿಗೆ ಹತ್ತು ಎಣಿಸೋದ್ರೊಳಗೆ ರೌಂಡ್ ಮುಗಿಯೋ ಗಂಟೆ ಹೊಡೆದ್ರೆ ಬಚಾವ್ ಆಗ್ತಿದ್ದ. ಇದನ್ನ ಬ್ರೇಕಲ್ಲಿ ಮೆಲ್ಲಗೆ ಹೇಳಿದ್ದಕ್ಕೆ ಸರ್ ಗೆ ಬೇಜಾರೇನೂ ಆಗಲಿಲ್ಲ, "ಕಥೆ ಚೆನ್ನಾಗಿದ್ರೆ ಇಡಿಯಮ್ ನೆನಪಿರುತ್ತಲ್ಲಪ್ಪಾ" ಅಂದ್ರು. ಎಕ್ಸಾಮ್ ಹುಡುಗ್ರ ಮಟ್ಟಿಗೆ ಅದು ಸರೀನೇ ಇರ್ಬೋದು, ನಂಗೆ ಒಪ್ಪಿಗೆ ಆಗ್ಲಿಲ್ಲ, ನೆಲ್ಸನ್ ಕಥೆ ಡೆನಿಸ್ ಕಥೆ ಇದ್ದಾಗ ಸುಳ್ಳಿನ ಅವಶ್ಯಕತೆ ಏನಿದೆ.

ಮೇಡಂ ಪ್ರಶ್ನೆ ಬಗ್ಗೆ ಹೇಳ್ಬೇಕು. ನೋಟ್ಸಲ್ಲಿ ಕಿಕ್ ದ ಬಕೆಟ್ ಅಂದ್ರೆ 'ಮರಣ ಹೊಂದು' ಅಂತಿದೆ, ಅಷ್ಟೇ. ಎಲ್ರೂ ಬರ್ಕೊಂಡು ಮುಂದಕ್ಕೆ ಹೋಗ್ತಿದ್ರು. ಮೇಡಂ ಕೈ ಎತ್ತಿ, ಕನ್ನಡಕ ಮೇಲೆತ್ಕೊಂಡು, "ಸರ್, ನಮ್ಮ ಬೀಗರ ತಂದೆ ಹೋದ್ರೆ ನಾನು ಈ ಮಾತು ಹೇಳಬಹುದಾ?" ಅಂದ್ರು. "ಅಯ್ಯಯ್ಯೋ ಬೇಡಿ ಮೇಡಂ, ಸಂಬಂಧ ಹೋಗುತ್ತೆ!" ಅಂದ್ರು ಸರ್. ಆಮೇಲೆ ಕೂತು ಬಿಡಿಸಿ ಹೇಳಿದ್ರು, ನಮ್ಮಲ್ಲಿ ತೀರ್ಕೊಂಡ್ರು ಅನ್ನೋದೂ ಸಾವೇ, ಶಿವನ ಪಾದ ಸೇರಿದ್ರು ಅನ್ನೋದೂ ಸಾವೇ, ಗೊಟಕ್ ಅಂದ ಅನ್ನೋದೂ ಸಾವೇ, ಯಾವ್ದನ್ನ ಯಾರ ಎದುರು ಹೇಳ್ತೀವಿ ಅನ್ನೋದು ಮುಖ್ಯ, ಕಿಕ್ ದ ಬಕೆಟ್ಟು ಗೊಟಕ್ ಜಾತಿಗೆ ಸೇರಿದ್ದು, ಸಾವಿನ ಮನೆಗೆ ಪಾಸ್ಡ್ ಅವೇ ಅಂತಾನೇ ಹೇಳಿ. ಇದೇ ತರ ಪ್ರತಿ ಇಡಿಯಮ್ ಮುಂದೆ ಫ್ರೆಂಡ್ಸ್ ಜೊತೆ, ಬಾಸ್ ಹತ್ರ, ಬರವಣಿಗೇಲಿ, ಎಲ್ಲೂ ಬೇಡ ಅಂತ ಒಂದು ಗುರುತು ಹಾಕಿದ್ರೆ ಆ ಕಂತೆ ಬಂಗಾರ ಆಗ್ತಿತ್ತು. ಅರ್ಥ ಮೊಬೈಲಲ್ಲಿ ಹುಡುಕಿದ್ರೂ ಸಿಗುತ್ತೆ, ದುಡ್ಡು ಕೊಟ್ಟು ಮೇಷ್ಟ್ರ ಹತ್ರ ಹೋಗೋದು ಈ ಒಂದು ವಿಷಯಕ್ಕೆ.

ಪದ ಅದಲು ಬದಲು ಮಾಡೋ ಹಂಗಿಲ್ಲ ಅನ್ನೋದನ್ನೂ ಚೆನ್ನಾಗಿ ಹೇಳ್ಕೊಟ್ರು. ದ ಬಕೆಟ್ ಬದಲು ಎ ಬಕೆಟ್ ಅಂದ್ರೆ ನಿಜವಾಗ್ಲೂ ಯಾವ್ದೋ ಬಕೆಟ್ಟಿಗೆ ಒದ್ದ ಅಂತಾಗೋಗುತ್ತೆ. ದ ಬಕೆಟ್ ವಾಸ್ ಕಿಕ್ಡ್ ಅಂತ ತಿರುಗಿಸಿದ್ರೂ ಸಾಯೋ ಅರ್ಥ ಹೋಯ್ತು. ಅದೇ ಸ್ಪಿಲ್ ದ ಬೀನ್ಸ್, ಗುಟ್ಟು ಹೊರಗೆ ಬಿಡೋದು, ಅದನ್ನ ದ ಬೀನ್ಸ್ ವರ್ ಸ್ಪಿಲ್ಡ್ ಅಂದ್ರೂ ನಡೆಯುತ್ತೆ. ಯಾಕೆ ಅಂತ ಕೇಳಿದ್ರೆ, ಬೀನ್ಸ್ ಅನ್ನೋ ಜಾಗದಲ್ಲಿ ಗುಟ್ಟು ಅಂತ ಇಟ್ಟು ನೋಡ್ಬೋದು, ಬಕೆಟ್ ಜಾಗದಲ್ಲಿ ಇಡೋಕೆ ಏನೂ ಇಲ್ಲ ಅಂದ್ರು. ಈ ಒಂದು ಮಾತಿಗೇ ಅರ್ಧ ಫೀಸು ಕೊಡ್ಬೋದು.

ಕನ್ನಡದ ಜೊತೆ ಜೋಡಿ ಮಾಡಿ ಹೇಳೋದು ಸರ್ ಸ್ಟೈಲು, ಕೆಲವು ಪಟ್ ಅಂತ ಕೂರುತ್ವೆ. ಒನ್ಸ್ ಇನ್ ಎ ಬ್ಲೂ ಮೂನಿಗೆ ಅಮಾವಾಸ್ಯೆಗೊಂದ್ಸಲ ಹುಣ್ಣಿಮೆಗೊಂದ್ಸಲ. ಮೋಲ್‌ಹಿಲ್ಲನ್ನ ಮೌಂಟನ್ ಮಾಡೋದಕ್ಕೆ ಕಡ್ಡೀನ ಗುಡ್ಡ ಮಾಡೋದು. ಕೋಲ್ಸ್ ಟು ನ್ಯೂಕ್ಯಾಸಲ್, ಅಂದ್ರೆ ಕಲ್ಲಿದ್ದಲು ತುಂಬಿ ತುಳುಕೋ ಊರಿಗೇ ಕಲ್ಲಿದ್ದಲು ಹೊತ್ಕೊಂಡು ಹೋಗೋದು, ಇದಕ್ಕೆ ನೀವೇ ಒಂದು ಕಟ್ಟಿ ಅಂದಾಗ ಇಡೀ ಬೆಂಚು ಒಂದೇ ದನಿಲಿ "ಮಂಡ್ಯಕ್ಕೆ ಬೆಲ್ಲ ಮಾರೋಕೋದಂಗೆ" ಅಂದ್ರು. ಕೆಲವು ಮಾತ್ರ ಯಾಮಾರ್ಸುತ್ವೆ. ಗಿವ್ ಮಿ ಎ ಹ್ಯಾಂಡ್ ಅಂದ್ರೆ ಸಹಾಯ ಮಾಡು, ನಮ್ಮಲ್ಲಿ ಕೈ ಕೊಟ್ಟ ಅಂದ್ರೆ ಮುಗೀತಲ್ಲ ಕಥೆ, ನಡುನೀರಲ್ಲಿ ಬಿಟ್ಟು ಹೋದ ಅಂತ. ಕೈ ಕೊಡೋದು ಒಂದೇ ಕೈ, ಅಲ್ಲಿ ಪುಣ್ಯ ಇಲ್ಲಿ ಪಾಪ.

ವಾರಕ್ಕೊಂದು ಟೆಸ್ಟು ಇರುತ್ತೆ, ನಾಕು ಆಪ್ಷನ್ ಮಾದರಿ, ಎಸ್ಸೆಸ್ಸಿ ಪೇಪರಲ್ಲಿ ಬರೋ ಹಂಗೇ, ಅದು ಪರವಾಗಿಲ್ಲ. ಮಾತಾಡ್ಸೋದು ಕಮ್ಮಿ ಮಾಡ್ತಾರೆ. ಇಂಗ್ಲಿಷು ಬಾಯಿಗೆ ಬರ್ಬೇಕು, ಸರಾಗವಾಗಿ ಮಾತಾಡ್ಬೇಕು ಅಂತ ಆಸೆ ಇಟ್ಕೊಂಡಿರೋರು ಈ ಬ್ಯಾಚಿಗೆ ಬರ್ಬೇಡಿ, ಅವರದ್ದೇ ಬೇರೆ ಸ್ಪೋಕನ್ ಬ್ಯಾಚಿದೆ, ಅದು ಹೆಂಗಿದ್ಯೋ ಅಲ್ಲಿಗೆ ಹೋದೋರು ಬರೀಲಿ. ಎಕ್ಸಾಮ್ ಕಟ್ಟೋರು ಸೇರಿ, ಆದ್ರೆ ನೋಟ್ಸ್ ನಂಬ್ಕೊಂಡು ಹಾಲ್ ಒಳಗೆ ಹೋಗ್ಬೇಡಿ, ಒಳ್ಳೆ ಡಿಕ್ಷನರಿ ಪಕ್ಕಕ್ಕಿಟ್ಕೊಂಡು ಒಂದೊಂದೂ ತಾಳೆ ನೋಡಿ. ಕಾಲ್ ಸೆಂಟರ್ ಮಂದಿ ನಾಕೈದು ಜನ ಗುಂಪು ಕಟ್ಕೊಂಡೇ ಸೇರಿ, ಒಬ್ಬೊಬ್ರೇ ಹೋದ್ರೆ ನಿಮಗೆ ಬೇಕಾಗಿರೋದನ್ನ ಕೇಳೋಕೆ ಎಕ್ಸಾಮ್ ಹುಡುಗ್ರು ಬಿಡಲ್ಲ. ಐದಕ್ಕೆ ಮೂರೂವರೆ ಕೊಡ್ತೀನಿ, ಮೂರು ಸರ್ ಗೆ, ಅರ್ಧ ಮೇಡಂಗೆ.

ಗಾಡಿ ನಿಲ್ಸೋಕೆ ಜಾಗ ಇಲ್ಲ, ಮೆಡಿಕಲ್ ಸ್ಟೋರಿನೋರು ಮುಂದೆ ಬೈಕ್ ಹಾಕಿದ್ರೆ ಜಗಳಕ್ಕೆ ಬರ್ತಾರೆ, ಪಕ್ಕದ ಕ್ರಾಸಲ್ಲಿ ಹಾಕಿ ನಡ್ಕೊಂಡು ಬನ್ನಿ. ಭಾನುವಾರದ ಬ್ಯಾಚು ಹತ್ತು ಗಂಟೆಗೆ ಅಂತ ಬೋರ್ಡಲ್ಲಿದೆ, ಸರ್ ಕಾಫಿ ಮುಗಿಸಿ ಬರೋದು ಹತ್ತೂಕಾಲಿಗೆ.